ಹಿಟ್ ಹಾಡು ಮತ್ತು ನನ್ನ ಹೆಂಡತಿಯ ಶ್ರುತಿ

ಈಗ ಎಲ್ಲರ ಬಾಯಲ್ಲೂ ಇರುವ ಆ ಸಿನಿಮಾ ಹಾಡು ನನಗೆ ಸಾಕಾಗಿ ಹೋಗಿದೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು ನಾನು. ಹೊಳೆನರಸೀಪುರದ ಛತ್ರವಾಗಲಿ, ಅರಕಲಗೂಡಿನದಾಗಲಿ, ರಿಸೆಪ್ಷನ್ನಿಗೆ ಅದೇ ಹಾಡು. ಹೋದ ವಾರ ಚನ್ನರಾಯಪಟ್ಟಣದಲ್ಲಿ ಅದನ್ನು ಮುಗಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲೇ ಮದುವೆ ಗಂಡಿನ ಗೆಳೆಯ ಸ್ಟೇಜ್ ಹತ್ತಿ ಬಂದ. "ಸಾ, ಅದ್ನೇ ಇನ್ನೊಂದ್ಸಲ ಒಡೀರಿ ಸಾ!" ಆ ಹಾಡು ಮಾಡಿದವರು ರೀಲ್ಸಿಗೆ ಆಗುವಷ್ಟು ರಾಗ ಮಾಡಿ, ಉಳಿದದ್ದಕ್ಕೆ ಬರೀ ಬೀಟ್ ತುಂಬಿ ಕಳಿಸಿದ್ದಾರೆ. ಸ್ವಲ್ಪ ದಿನಕ್ಕೆ ಇದೂ ಹೋಗುತ್ತದೆ, ಇನ್ನೊಂದು ವಕ್ಕರಿಸುತ್ತದೆ.

ಭಾನುವಾರ ಹಾಸನದಲ್ಲಿ ನಮ್ಮ ಚರ್ಚಿಗೆ ಹೋದರೆ, ಅಲ್ಲೂ ಕೀಬೋರ್ಡ್ ನನ್ನದೇ ಆದರೂ, ಕಿವಿಗೆ ಒಂದಿಷ್ಟು ವಿಶ್ರಾಂತಿ ಸಿಗುತ್ತಿತ್ತು, ಮೊದಲು. ಈಗ ಅಲ್ಲೂ ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ ಜನ ನೋಡಿದ ಹಾಡೇ ಬೇಕು. ಡ್ರಮ್ಮು, ರೆಕಾರ್ಡ್ ಮಾಡಿದ ಟ್ರ್ಯಾಕು, ಬಣ್ಣದ ಲೈಟು. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತಾರೆ; ದೇವರಿಗೇನು ಕಿವಿ ಮಂದವೇ? ಇಷ್ಟೆಲ್ಲ ಸಿಟ್ಟಿಗೆ ಕಾರಣ ಬೇರೆಯೇ ಇದೆ. ಅಲ್ಲಿ ಮುಂದೆ ನಿಂತು ಹಾಡುತ್ತಿದ್ದವಳು ನನ್ನ ಹೆಂಡತಿ. ಯೂತ್ ಹುಡುಗರು ಟ್ರ್ಯಾಕ್ ತಂದ ಮೇಲೆ ಅವಳು ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಮನೆಯಲ್ಲೂ ಹಾಡುವುದನ್ನು ಬಿಟ್ಟಳು. ಈಗ ನಮ್ಮನೆಯಲ್ಲಿ ಕುಕ್ಕರ್ ಕೂಗುವುದೊಂದೇ ಸಂಗೀತ. ಹೊಸ ಹಾಡುಗಳೇ ಅವಳ ಬಾಯಿ ಮುಚ್ಚಿಸಿದವು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಮೊನ್ನೆ ದುದ್ದದಲ್ಲಿ ನಮ್ಮ ಸಭೆಯವರೊಬ್ಬರು ತೀರಿಕೊಂಡರು. ಮೂರನೇ ದಿನದ ಪ್ರಾರ್ಥನೆಗೆ ಅವರ ಮನೆಗೆ ಹೋದೆವು. ಕೀಬೋರ್ಡ್ ಒಯ್ದಿರಲಿಲ್ಲ. ಯಾವುದಾದರೂ ಹಳೆಯ ಕೀರ್ತನೆ ಹಾಡು ಎಂದು ನಾನು ಹೆಂಡತಿಗೆ ಕಣ್ಣಲ್ಲೇ ಹೇಳುತ್ತಿದ್ದೆ. ಅಷ್ಟರಲ್ಲಿ ತೀರಿಹೋದವರ ಹೆಂಡತಿ ಅವಳ ಕೈ ಹಿಡಿದುಕೊಂಡು, "ಅಕ್ಕಾ, ಆ ಒಸಾ ಹಾಡು ಏಳಕ್ಕಾ. ಚರ್ಚಲ್ಲಿ ಹುಡುಗ್ರು ಹಾಡ್ತಾರಲ್ಲ, ಅದು. ನಮ್ಮನೆಯೋರು ಹಾಲು ಕರೆಯೋವಾಗ ಮೊಬೈಲಲ್ಲಿ ಅದ್ನೇ ಆಕ್ಕಂಡು ಕೂತಿರೋರು" ಎಂದರು. ನಾನು ಬೈಯುತ್ತಿದ್ದ ಹಾಡುಗಳಲ್ಲಿ ಮೊದಲನೆಯದೇ ಅದು.

ಹೆಂಡತಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಬೀಟಿಲ್ಲ, ಟ್ರ್ಯಾಕಿಲ್ಲ. ತನ್ನ ಕೆಳಗಿನ ಶ್ರುತಿಯಲ್ಲಿ, ನಿಧಾನವಾಗಿ. ಆ ಸಾಲು ಮತ್ತೆ ಮತ್ತೆ ಬರುವುದು ಯಾಕೆಂದು ನನಗೆ ಆಗ ತಿಳಿಯಿತು. ಅಳುತ್ತಿದ್ದವರು ತಡವಾಗಿಯಾದರೂ ಬಂದು ಸೇರಿಕೊಳ್ಳಬೇಕಲ್ಲ. ಒಬ್ಬೊಬ್ಬರಾಗಿ ಸೇರಿಕೊಂಡರು.

ಬೈಕಿನಲ್ಲಿ ವಾಪಸಾಗುವಾಗ ಅವಳೇ ಮಾತು ತೆಗೆದಳು. "ಹಾಡು ಚೆನ್ನಾಗೇ ಐತೆ ಕಣ್ರೀ. ನಂಗೆ ಮೊದ್ಲಿಂದ್ಲೂ ಇಷ್ಟಾನೇ. ಆ ಎತ್ತರಕ್ಕೆ ನನ್ನ ಗಂಟ್ಲು ಓಗಕ್ಕಿಲ್ಲ, ಅಷ್ಟೇಯ."

ಇಷ್ಟು ದಿನ ಅವಳ ಪರವಾಗಿ ನಾನು ಬೈದದ್ದೆಲ್ಲ ದಂಡವಾಯಿತು. ಬೇಜಾರಾಯಿತು, ನಗುವೂ ಬಂತು.

ಭಾನುವಾರ ಹುಡುಗರಿಗೆ ಶ್ರುತಿ ಸ್ವಲ್ಪ ಇಳಿಸ್ರಪ್ಪಾ ಎಂದೆ. "ಒರಿಜಿನಲ್ ಥರ ಬರಲ್ಲ ಅಂಕಲ್" ಎಂದರು. ಕೀಬೋರ್ಡಿನ ಮುಂದೆ ಹೋಗಿ ಕೂತೆ. ಅವರ ಎತ್ತರದಲ್ಲೇ ನುಡಿಸಿದೆ. ಹಾಡಿನ ನಡುವೆ ತಲೆ ಎತ್ತಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಅವಳ ತುಟಿ ಆಡುತ್ತಿತ್ತು. ಪಕ್ಕದ ಹೆಂಗಸರು ಅವಳ ಕಡೆ ವಾಲಿಕೊಂಡು, ಅವಳ ದನಿ ಹಿಡಿದು ಹಾಡುತ್ತಿದ್ದರು. ನನಗೆ ಮಾತ್ರ ಏನೂ ಕೇಳಿಸಲಿಲ್ಲ. ಅವಳ ದನಿಯನ್ನು ಮುಚ್ಚಿದ್ದ ಆ ಸದ್ದಿನಲ್ಲಿ ಅರ್ಧ ನನ್ನದೇ ಆಗಿತ್ತು.