ಎದ್ದ ಮೇಲೆ ಆಡುವ ಮಾತು

ಕಳೆದ ವಾರ ಅರಸೀಕೆರೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಗಾಳಿ ಒಮ್ಮೆ ನನ್ನ ಕಡೆಗೆ ತಿರುಗಿತು. ಗೋಣಿಚೀಲದಲ್ಲಿ ತುಂಬಿಟ್ಟ ಕೊಬ್ಬರಿಯ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ, ಸ್ವಲ್ಪ ಅಟ್ಟದ ಧೂಳು. ಹುಟ್ಟಿದಾಗಿನಿಂದ ಮೂಗಿನಲ್ಲೇ ಇರುವ ವಾಸನೆಯಾದ್ದರಿಂದ ಅದು ಇದೆಯೆಂಬುದೇ ನನಗೆ ಮರೆತುಹೋಗಿರುತ್ತದೆ. ಅದನ್ನು ನನಗೆ ಮೊದಲ ಸಲ ತೋರಿಸಿಕೊಟ್ಟವರು ನಮ್ಮ ಲೀಡರಮ್ಮ. ಹಿಂದೊಮ್ಮೆ ಇದೇ ಊರಲ್ಲಿ ರೈಲಿನಿಂದ ಇಳಿದವರು ನಮಸ್ಕಾರಕ್ಕೂ ಮೊದಲು ಮೂಗೆತ್ತಿ, "ಸಾರ್, ಇಲ್ಲಿ ಯಾರ ಮನೇಲಿ ಹಬ್ಬ?" ಎಂದು ಕೇಳಿದ್ದರು.

ಅವರು ನನ್ನ ಮೇಲಧಿಕಾರಿ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಅಸ್ಸಾಮಿನ ಕಡೆಯವರಾದರೂ ಮೈಸೂರಿನಲ್ಲಿ ಓದಿದ್ದರಿಂದ ಹಾಸ್ಟೆಲಿನ ಕನ್ನಡ ಬರುತ್ತಿತ್ತು. ಅಲ್ಲಿಯವರೆಗೆ ಅವರನ್ನು ಕಂಪ್ಯೂಟರಿನ ಪರದೆಯಲ್ಲಿ ಭುಜದವರೆಗೆ ಮಾತ್ರ ನೋಡಿದ್ದೆ. ಇಷ್ಟು ಕುಳ್ಳಗಿದ್ದಾರೆ ಎಂಬುದು ಪ್ಲಾಟ್‌ಫಾರಂ ಮೇಲೆ ತಿಳಿದು, ಏಕೋ ಏನೋ, ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು.

ಕಂಪನಿಯೆಂದರೆ ಕಟ್ಟಡ, ಕಟ್ಟಡವೆಂದರೆ ಗೇಟು, ಗೇಟೆಂದರೆ ವಾಚ್‌ಮನ್ ಎಂದು ತಿಳಿದಿದ್ದ ಕಾಲದವನು ನಾನು. ಇಂಗ್ಲಿಷ್ ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಹಳೇಬೀಡಿನ ಮನೆಯಲ್ಲಿ ಕೂತಿದ್ದಾಗ ಸಿಕ್ಕಿದ ಈ ಕಂಪನಿಗೆ ಮೂರೂ ಇರಲಿಲ್ಲ. ಸಣ್ಣಪುಟ್ಟ ಲಾಡ್ಜು, ಹೋಂಸ್ಟೇಗಳಿಗೆ ಕೊಠಡಿ ಬುಕ್ ಮಾಡುವ ವ್ಯವಸ್ಥೆ ಮಾಡಿಕೊಡುವುದು ಅದರ ವ್ಯಾಪಾರ. ನೌಕರರೆಲ್ಲ ಅವರವರ ಮನೆಯಲ್ಲೇ. ಒಬ್ಬ ನೈರೋಬಿಯಲ್ಲಿ, ಒಬ್ಬಾಕೆ ಮನಿಲಾದಲ್ಲಿ, ಇನ್ನೊಬ್ಬಾಕೆ ಕೊಯಮತ್ತೂರಿನಲ್ಲಿ. ಗ್ರಾಹಕರಿಗೆ ಇವರು ಬರೆಯುವ ಉತ್ತರಗಳು ಸಾಕಷ್ಟು ವಿನಯವಾಗಿವೆಯೇ ಎಂದು ಓದಿ ಅಂಕ ಹಾಕುವುದು ನನ್ನ ಹುದ್ದೆ. ಹೀಗೆ ಜಗತ್ತಿನ ಸೌಜನ್ಯದ ಒಂದಂಶದ ಭಾರ ನಮ್ಮ ಪಡಸಾಲೆಯ ಮೇಲೆ ಬಿತ್ತು. ಕೆಳಗೆ ಪಂಚೆ, ಮೇಲೆ ಇಸ್ತ್ರಿ ಮಾಡಿದ ಅಂಗಿ ಧರಿಸಿ ನಾನದನ್ನು ನಿಷ್ಠೆಯಿಂದ ಹೊತ್ತೆ.

ನಮ್ಮ ಗುಂಪಿನಲ್ಲಿ ಇನ್ನೊಬ್ಬನಿದ್ದ, ಪಕ್ಕದ ಹಗರೆ ಊರಿನವನು. ಮನೆಯಲ್ಲಿ ಹಸುಗಳನ್ನು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ ಬಂದು, ಫೋನಿನಲ್ಲಿ ಗ್ರಾಹಕರ ಗೋಳು ಕೇಳುವ ಕೆಲಸ ಮಾಡುತ್ತಿದ್ದ. ಮೂವತ್ತರ ಆಸುಪಾಸು, ಮಿತಭಾಷಿ. ಕಂಪನಿಗೆ ನನ್ನ ಹೆಸರು ಹೇಳಿ ಕೆಲಸ ಕೊಡಿಸಿದವನೇ ಅವನು. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಈಗ ನನಗಿಂತ ಸೀನಿಯರ್.

ಕಂಪನಿ ಬೆಳೆಯಿತು. ನಾನು ಸೇರಿದಾಗ ಎಲ್ಲರನ್ನೂ ಒಂದು ಮಿನಿಬಸ್ಸಿನಲ್ಲಿ ಕೂರಿಸಬಹುದಿತ್ತು. ವರ್ಷ ಕಳೆಯುವಷ್ಟರಲ್ಲಿ ರೈಲು ಬೇಕಾಗುವಂತಾಯಿತು. ಇಷ್ಟು ಜನಕ್ಕೆ ನಾಯಕರೆಲ್ಲಿಂದ ಬರಬೇಕು? ನಿನ್ನೆಯವರೆಗೆ ಕೆಲಸ ಚೆನ್ನಾಗಿ ಮಾಡುತ್ತಿದ್ದವರನ್ನು ಆ ಕೆಲಸದಿಂದ ಬಿಡಿಸಿ ನಾಯಕರನ್ನಾಗಿ ಮಾಡಿದರು. ಹಾಗೆ ನಮ್ಮವರೂ ಲೀಡರಮ್ಮ ಆದರು. ಆದಮೇಲೆ ಇವರಿಗೆಲ್ಲ ಭಾವನೆಗಳ ತಿಳಿವಳಿಕೆ ಸಾಲದು ಎಂದು ಮೇಲಿನವರಿಗೆ ಹೊಳೆದು, ಒಂದು ತರಬೇತಿಗೆ ಹಾಕಿದರು.

ತರಬೇತಿ ಮುಗಿಸಿ ಬಂದ ಲೀಡರಮ್ಮ ಪ್ರತಿ ಸೋಮವಾರ ಪರದೆಯ ಮೇಲೆ ಒಂದು ಬಣ್ಣದ ಚಕ್ರ ತೋರಿಸತೊಡಗಿದರು. ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ದುಃಖ, ಹೀಗೆ. ಇವತ್ತು ತಾನು ಯಾವ ಬಣ್ಣ ಎಂದು ಪ್ರತಿಯೊಬ್ಬರೂ ಹೇಳಬೇಕು. ನೈರೋಬಿಯವನು ಕಿತ್ತಳೆ ಎಂದು ಹೇಳಿ ನಗುತ್ತಿದ್ದ. ಮನಿಲಾದಾಕೆ ನೀಲಿ ಎನ್ನುವಷ್ಟರಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊಯಮತ್ತೂರಿನಾಕೆ, ಇದನ್ನೆಲ್ಲ ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ ಎಂದು ಮೊದಲು ವಿಚಾರಿಸುತ್ತಿದ್ದಳು. ಊದಾ ಬಣ್ಣವನ್ನು ಯಾರೂ ತೆಗೆದುಕೊಂಡಿರಲಿಲ್ಲವಾದ್ದರಿಂದ, ಅದು ಅನಾಥವಾಗಬಾರದೆಂದು ನಾನು ಊದಾ ಆದೆ. ಹಗರೆಯವನದು ಮಾತ್ರ ಒಂದೇ ಉತ್ತರ: "ಚೆನ್ನಾಗಿದೀನಿ ಮೇಡಂ."

ಚೆನ್ನಾಗಿರಲಿಲ್ಲ. ಅವನ ಮೇಲೆ ದೂರು ಬರತೊಡಗಿತ್ತು. ಗ್ರಾಹಕರು ಒಂದು ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಡುತ್ತಾನೆ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತಾನೆ, ನಡುವೆಯೇ ಸುಮ್ಮನಾಗಿಬಿಡುತ್ತಾನೆ. ಲೀಡರಮ್ಮ ಒಬ್ಬನನ್ನೇ ಕರೆದು ಕೇಳಿದರೂ ಚೆನ್ನಾಗಿದೀನಿ. ಕೆಲಸದಲ್ಲಿ ಮನಸ್ಸಿಲ್ಲ ಎಂದು ಮೇಲಿನವರು ತೀರ್ಮಾನಿಸಿದರು. ಲೀಡರಮ್ಮ ಒಪ್ಪಿಗೆ ಕೊಟ್ಟರೆ ತಿಂಗಳ ಕೊನೆಗೆ ಅವನು ಮನೆಗೆ. ಮನೆಯಲ್ಲೇ ಇದ್ದವನನ್ನು ಮನೆಗೆ ಕಳಿಸುವುದು ಹೇಗೆಂಬ ಪ್ರಶ್ನೆಯನ್ನು ನಾನು ಎತ್ತಲಿಲ್ಲ.

"ನಿಮ್ಮ ಕಡೆಯವರಲ್ವಾ ಸಾರ್? ನನಗೆ ಅವರು ಅರ್ಥ ಆಗ್ತಾ ಇಲ್ಲ. ಮುಖ ನೋಡದೆ ಒಪ್ಪಿಗೆ ಕೊಡೋಕೆ ಕೈ ಬರ್ತಿಲ್ಲ," ಎಂದು ಫೋನ್ ಮಾಡಿದರು. ಬೆಂಗಳೂರಿಗೆ ಯಾವುದೋ ಕೆಲಸಕ್ಕೆ ಬಂದಿದ್ದವರು, ಅಲ್ಲಿಂದ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದದ್ದು ಹಾಗೆ.

ಅವರನ್ನು ಕರೆದುಕೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಬಂದೆ. ದೇವಸ್ಥಾನ ನೋಡುತ್ತೀರಾ ಎಂದರೆ, "ಆಮೇಲೆ ಸಾರ್" ಎಂದರು. ದೇಶ ವಿದೇಶದಿಂದ ಬಂದವರು ಹಳೇಬೀಡಿನಲ್ಲಿ ದೇವಸ್ಥಾನಕ್ಕೆ ಬೆನ್ನು ತಿರುಗಿಸಿ ಹಗರೆಯ ಬಸ್ಸು ಹತ್ತಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಹಗರೆಯವನ ಮನೆಯಲ್ಲಿ ಅವನೂ ಅವನ ತಾಯಿಯೂ ಬಾಗಿಲಿಗೇ ಬಂದು ಕರೆದುಕೊಂಡರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೆ ಗಟ್ಟಿ ಮೊಸರು. ಲೀಡರಮ್ಮ ತಿನ್ನುತ್ತಲೇ ಮಾತು ಎತ್ತಿದರು. ಕೆಲಸ ಹೇಗನಿಸುತ್ತಿದೆ? ಮನಸ್ಸಿಗೆ ಏನಾದರೂ ಭಾರವೇ? ತನ್ನಿಂದ ಏನಾದರೂ ತೊಂದರೆಯೇ? ಅವನು ಅವರ ತುಟಿಯನ್ನೇ ನೋಡುತ್ತಾ, "ಏನಿಲ್ಲ ಮೇಡಂ, ಚೆನ್ನಾಗಿದೀನಿ" ಎಂದ.

ಹಾಸ್ಟೆಲಿನ ಕನ್ನಡ ಅಷ್ಟಾಗಿ ತಿಳಿಯದ ತಾಯಿ ನನ್ನನ್ನು ಕೇಳಿದರು: "ಏನ್ ಮೇಷ್ಟ್ರೇ, ಆ ಮಗೀಗೆ ಇನ್ನೊಂದು ರೊಟ್ಟಿ ಬೇಕಂತಾ?"

"ಇಲ್ಲ ಕಣಮ್ಮ, ನಿಮ್ಮ ಮಗ ಹೇಗಿದಾನೆ ಅಂತ ಕೇಳ್ತಾ ಇದಾರೆ."

"ಅದ್ನ ತಿಳ್ಕಳಾಕೆ ಅಷ್ಟು ದೂರದಿಂದ ಬಂದವ್ರಾ?" ಎಂದು ಆಕೆ ಇನ್ನೊಂದು ರೊಟ್ಟಿ ಹಾಕಿಯೇಬಿಟ್ಟರು.

ಕೂತಷ್ಟು ಹೊತ್ತೂ ಮಳೆ, ಹಾಲಿನ ರೇಟು, ಅಸ್ಸಾಮಿನಲ್ಲಿ ಏನು ಉಣ್ಣುತ್ತಾರೆ ಎಂಬ ವಿಚಾರ. ಕೊನೆಗೆ ಲೀಡರಮ್ಮನ ಮುಖ ಸಪ್ಪಗಾಯಿತು. ನನ್ನ ಕಡೆ ಬಗ್ಗಿ ಮೆಲ್ಲಗೆ, "ಹೋಗೋಣ ಸಾರ್, ಏನೂ ಸಿಗಲಿಲ್ಲ," ಎಂದರು.

"ಏಳಿ," ಎಂದೆ ನಾನೂ ಮೆಲ್ಲಗೆ. "ಎದ್ದ ಮೇಲೆ ಶುರುವಾಗುತ್ತೆ."

ನಮ್ಮ ಕಡೆ ಹಾಗೆ. ಒಳಗೆ ಕೂತು ಆಡುವುದು ಲೋಕದ ಮಾತು. ಮನೆಯ ಮಾತು ಬರುವುದು ಬಂದವರು ಹೊರಡಲು ಎದ್ದಮೇಲೆ. ಮೊದಲ ಕಂತು ಹೊಸ್ತಿಲಲ್ಲಿ, ಎರಡನೆಯದು ಚಪ್ಪಲಿ ಹಾಕಿಕೊಳ್ಳುವಾಗ, ಮುಖ್ಯವಾದದ್ದು ರಸ್ತೆಗೆ ಬಂದಮೇಲೆ. ಹೆಣ್ಣು ಕೊಡುವ ವಿಚಾರ, ಭಾಗವಾಗುವ ವಿಚಾರ, ಕಾಯಿಲೆ ವಿಚಾರ... ಯಾವುದನ್ನೂ ಯಾರೂ ಚಾಪೆಯ ಮೇಲೆ ಕೂತು ಎತ್ತಿದ್ದನ್ನು ನಾನು ಕಾಣೆ. ಕೂತವನು ಉತ್ತರಕ್ಕೆ ಕಾಯುತ್ತಾನೆ. ಹೊರಟು ನಿಂತವನ ಹತ್ತಿರ ಆ ಹಂಗಿಲ್ಲ. ನಮ್ಮ ಕಂಪನಿಯ ಮೀಟಿಂಗುಗಳಲ್ಲಿ ಎಲ್ಲ ಸೌಕರ್ಯವೂ ಇತ್ತು, ಹೊಸ್ತಿಲೊಂದು ಇರಲಿಲ್ಲ. ಹೊತ್ತು ಮುಗಿದ ಕೂಡಲೇ ಎಲ್ಲರ ಮುಖವೂ ಫಕ್ಕನೆ ಆರಿಹೋಗುತ್ತಿತ್ತು.

ಎದ್ದೆವು. ಹೊಸ್ತಿಲಲ್ಲಿ ತಾಯಿ ಲೀಡರಮ್ಮನಿಗೆ ಕುಂಕುಮ ಕೊಟ್ಟು, ಎಲೆ ಅಡಿಕೆ ತೆಂಗಿನಕಾಯಿ ಕೈಗಿಟ್ಟು, ಮಗನ ಕಡೆ ನೋಡದೆ ಹೇಳಿದರು: "ಇವ್ನೀಗ ಹಸ ಕೂಗಿದ್ರೂ ತಿರುಗಾಕಿಲ್ಲ ಕಣವ್ವ."

"ಸುಮ್ಕಿರವ್ವ," ಎಂದು ಅವನು ಗದರಿದ.

"ನಾ ಏನಂದೆ? ಹಸಿನ ಮಾತಾಡಿದೆ."

ಬಸ್ಸು ನಿಲ್ಲುವ ಕಡೆಗೆ ಅವನೂ ನಮ್ಮ ಜೊತೆ ಬಂದ. ರಸ್ತೆಯನ್ನೇ ನೋಡುತ್ತಾ ನಿಂತ. ದೂರದಲ್ಲಿ ಬಸ್ಸು ಕಂಡಿತು. ಆಗ ಹೇಳಿದ, ನಮಗಲ್ಲ, ಬಸ್ಸಿಗೆ ಹೇಳುವ ಹಾಗೆ:

"ಎಡಗಿವಿ ಪೂರ್ತಿ ಹೋಗೈತೆ ಮೇಡಂ. ಬಲಗಿವೀನೂ ಹೋಗ್ತಾ ಐತೆ. ಫೋನಲ್ಲಿ ಕೇಳೋ ಕೆಲ್ಸಕ್ಕೆ ಕಿವುಡನ್ನ ಯಾರು ಇಟ್ಕತಾರೆ? ಅದ್ಕೇ ಹೇಳ್ಲಿಲ್ಲ."

ಬಸ್ಸು ಬಂದು ನಿಂತಿತು. ಲೀಡರಮ್ಮ ಹತ್ತಲಿಲ್ಲ. ಕಂಡಕ್ಟರು, "ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ಬುಡಿ," ಎಂದು ಸೀಟಿ ಊದಿಕೊಂಡು ಹೋದ. ಅವರು ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತರು. ತರಬೇತಿಯಲ್ಲಿ ಕಲಿಸಿದ ಯಾವ ವಾಕ್ಯವನ್ನೂ ಆಡಲಿಲ್ಲ. ಅವನ ಬಲಗಿವಿಯ ಕಡೆಗೆ ತಿರುಗಿ, ಗಟ್ಟಿಯಾಗಿ, "ಇಷ್ಟು ತಿಂಗಳು ಕೇಳಿದೆನಲ್ಲ, ಒಂದು ಸಲ ಹೇಳಬಾರದಾಗಿತ್ತಾ?" ಎಂದರು.

"ನೀವು ಬಣ್ಣ ಕೇಳಿದ್ರಿ ಮೇಡಂ."

ಅವರು ನಕ್ಕರು. ಆಮೇಲೆ ಕಲ್ಲಿನ ಮೇಲೆ ಜರುಗಿ ಅವನಿಗೂ ಜಾಗ ಮಾಡಿಕೊಟ್ಟರು.

ಅವನ ಕೆಲಸ ಉಳಿಯಿತು, ಆದರೆ ಸುಲಭವಾಗಿ ಅಲ್ಲ. ವಿಷಯ ಮುಚ್ಚಿಟ್ಟನೆಂದು ಮೇಲಿನವರಿಗೆ ಕೋಪ. "ಅವನಿಗೆ ಬಾಯಿ ಬಿಡಲಾಗದ ಹಾಗೆ ಕೇಳಿದವಳು ನಾನು, ತಪ್ಪಿದ್ದರೆ ಅರ್ಧ ನನ್ನದು, ಅವನನ್ನು ಬರೆಯುವ ಕೆಲಸಕ್ಕೆ ಹಾಕಿ, ಆಗದಿದ್ದರೆ ನನ್ನನ್ನೂ ಸೇರಿಸಿ ಕಳಿಸಿ," ಎಂದು ಲೀಡರಮ್ಮ ಹಟ ಹಿಡಿದರು. ಅವನು ಬರೆಯುವ ಕಡೆ ಬಂದ. "ಕೊಠಡಿ ಇದೆ. ಬನ್ನಿ." ಇದು ಅವನ ಶೈಲಿ. ಸೌಜನ್ಯದಲ್ಲಿ ನಾನು ಎಷ್ಟು ಕಡಿಮೆ ಅಂಕ ಹಾಕಿದರೂ ಗ್ರಾಹಕರು ಅವನನ್ನೇ ಕೇಳಿ ಬರತೊಡಗಿದರು. ನನ್ನ ಹುದ್ದೆಯ ಬುಡವೇ ಅಲುಗಾಡಿದ ದಿನಗಳವು.

ಬಣ್ಣದ ಚಕ್ರ ಮತ್ತೆ ಕಾಣಿಸಲಿಲ್ಲ. ಸೋಮವಾರದ ಮೀಟಿಂಗು ಮುಗಿದಾಗ ಲೀಡರಮ್ಮ, "ಮುಗೀತು, ಹೋಗಿಬನ್ನಿ," ಎಂದು ಹೇಳಿ, ತಾವು ಮಾತ್ರ ಹೋಗದೆ ಉಳಿಯುತ್ತಿದ್ದರು. ಕೇಳುವುದಿಲ್ಲ, ಕರೆಯುವುದಿಲ್ಲ, ಬೀನ್ಸ್ ಸೋಸುತ್ತಾ ಕೂರುತ್ತಿದ್ದರು. ಒಬ್ಬರು ಹೋಗಿ, ಇನ್ನೊಬ್ಬರು ಹೋಗಿ, ಯಾರೋ ಒಬ್ಬರು ಹೋಗದೆ ನಿಲ್ಲುವರು. ಹಾಗೆ ಒಂದು ಸೋಮವಾರ, ಕಿತ್ತಳೆ ಬಣ್ಣದ ನೈರೋಬಿಯವನು ತನ್ನ ತಂದೆ ತೀರಿಕೊಂಡು ಆಗಲೇ ತಿಂಗಳಾಯಿತೆಂದು ಹೇಳಿದ. ಏನೋ ಹುಡುಕುವವನಂತೆ ಅಲ್ಲೇ ಉಳಿದಿದ್ದ ನಾನೂ ಅದನ್ನು ಕೇಳಿದೆ. ಅಷ್ಟು ನಗುತ್ತಿದ್ದವನು...

ಮುಂದೆ ನಮ್ಮ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ನಾಯಕರು ಹೆಚ್ಚಾದರು ಎಂದು ಅದಕ್ಕೆ ಅನ್ನಿಸಿತು. ಯಾರ ಮೀಟಿಂಗು ಹೊತ್ತು ಮೀರಿ ನಡೆಯುತ್ತದೆ ಎಂದು ನೋಡಿದಾಗ ನಮ್ಮವರ ಹೆಸರೇ ಮೇಲಿತ್ತು. ಅವರನ್ನು ತೆಗೆದರು. ಅವರ ಕೆಲಸದ ಕೊನೆಯ ದಿನವೂ ಎಂದಿನಂತೆ, "ಮುಗೀತು, ಹೋಗಿ..." ಎಂದರು. ಅಷ್ಟಕ್ಕೇ ಪರದೆಯ ಮೇಲಿನ ಅವರ ಕಿಟಕಿ ಮುಚ್ಚಿತು. ಕಂಪನಿ ಆ ಹೊತ್ತಿಗೇ ಅವರ ಪ್ರವೇಶವನ್ನು ನಿಲ್ಲಿಸಿತ್ತು. ಉಳಿದವರು ಯಾರೂ ಹೋಗಲಿಲ್ಲ. ಮನಿಲಾದಲ್ಲಿ ಎಲ್ಲೋ ಒಂದು ಕೋಳಿ ಕೂಗುತ್ತಿತ್ತು.

ಅವರ ಫೋನ್ ನಂಬರೂ ಕಂಪನಿಯದೇ. ಊರಿನ ಹೆಸರು ಒಮ್ಮೆ ಹೇಳಿದ್ದರು, ನಾನು ಗಮನವಿಟ್ಟು ಕೇಳಿರಲಿಲ್ಲ. ಅಸ್ಸಾಂ ಎಂದರೆ ಸಾಕು ಎಂದುಕೊಂಡಿದ್ದೆ. ಅಸ್ಸಾಂ ಎಷ್ಟು ದೊಡ್ಡದೆಂದು ಭೂಪಟ ಬಿಚ್ಚಿ ನೋಡಿದಮೇಲೆ ಗೊತ್ತಾಯಿತು. ಅವರು ಕೊನೆಗೂ ನಮ್ಮೂರ ದೇವಸ್ಥಾನ ನೋಡಲೇ ಇಲ್ಲ.

ಕಳೆದ ವಾರ ನಾನು ಅರಸೀಕೆರೆಯಿಂದ ಬಂದ ಮರುದಿನ ಹಗರೆಯವನು ಮನೆಗೆ ಬಂದಿದ್ದ. ಬಲಗಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಈಗ ಅವನೇ ಲೀಡರು. ಸದ್ಯದಲ್ಲೇ ತರಬೇತಿಗೂ ಕಳಿಸುತ್ತಾರಂತೆ. ಕಾಫಿ ಕುಡಿಯುತ್ತಾ ಲೀಡರಮ್ಮನ ಮಾತು ಬಂತು. ಇಂಟರ್ನೆಟ್ಟಿನಲ್ಲಿ ಹುಡುಕಿದನಂತೆ, ಅದೇ ಹೆಸರಿನವರು ಬೇಕಾದಷ್ಟು ಜನ ಸಿಕ್ಕರಂತೆ.

"ಅವ್ರಿಗೆ ಒಂದು ಮಾತು ಹೇಳ್ಬೇಕಿತ್ತು ಸಾರ್," ಎಂದ.

"ಏನಪ್ಪಾ ಅದು?"

ಲೋಟ ಕೆಳಗಿಟ್ಟ. "ಏನೂಂತ ಗೊತ್ತಿಲ್ಲ. ಅವ್ರು ಎದುರಿಗಿದ್ದಿದ್ರೆ ಬರ್ತಿತ್ತು."

ನಾನು ಹೂಂ ಎಂದೆ. ನನ್ನಲ್ಲೂ ಅಂಥದ್ದೊಂದು ಉಳಿದುಹೋಗಿದೆ.