ರೊಟ್ಟಿ ತಿಂದ ಸಂಘ, ರೊಟ್ಟಿ ಮುಟ್ಟದ ಬ್ಯಾಂಕು

ಬೆಳಗಿನ ಜಾವ. ಕೊಚ್ಕೋರ್ ಎಂಬ ಬೆಟ್ಟದೂರಿನ ಟ್ಯಾಕ್ಸಿ ನಿಲ್ದಾಣದ ಮೂಲೆಯಲ್ಲಿ ಅನಾರ್‌ಕುಲ್ ತಂದೂರಿ ಒಲೆಗೆ ಬಗ್ಗಿದ್ದಾರೆ. ಹಿಟ್ಟಿನ ಬಿಲ್ಲೆಯನ್ನು ದಿಂಬಿನಂಥ ಗಾದಿಯ ಮೇಲಿಟ್ಟು ಒಳಗೋಡೆಗೆ ರಪ್ಪನೆ ಬಡಿಯುತ್ತಾರೆ, ಉಪ್ಪುನೀರು ಚಿಮುಕಿಸುತ್ತಾರೆ, ಮತ್ತೊಂದು ಬಿಲ್ಲೆಗೆ ಕೈ ಹಾಕುತ್ತಾರೆ. ನಾರಿನ್ ಕಡೆಗೂ ರಾಜಧಾನಿ ಬಿಷ್ಕೆಕ್ ಕಡೆಗೂ ಹೊರಡುವ ಚಾಲಕರು ಕೈ ಉಜ್ಜಿಕೊಳ್ಳುತ್ತ ಸುತ್ತ ನಿಂತಿದ್ದಾರೆ. ಸೆಪ್ಟೆಂಬರ್ ಮುಗಿಯುತ್ತ ಬಂದಿದೆ. ಬೆಟ್ಟದ ಮೇಲೆ ಆಗಲೇ ಹಿಮ ಬಿದ್ದಿದೆ.

"ಎಜೆ, ತೀರ್ಮಾನ ಆಯ್ತಾ? ಸಂಘಾನೋ ಬ್ಯಾಂಕೋ?" ಒಬ್ಬ ಚಾಲಕ ಕೇಳುತ್ತಾನೆ. ಊರಿನ ಅರ್ಧ ಮಂದಿಗೆ ಅವರು ಎಜೆ, ಅಂದರೆ ಅಕ್ಕ.

ಅನಾರ್‌ಕುಲ್ ಬೆನ್ನು ನೆಟ್ಟಗೆ ಮಾಡಿ ಅವನನ್ನು ನೋಡುತ್ತಾರೆ. "ತಲೆ ಕೆಟ್ಟು ಕೆರ ಹಿಡಿದಿದೆ ಕಣಪ್ಪ. ರೊಟ್ಟಿ ಬೇಕಾದ್ರೆ ಕೇಳು, ತೀರ್ಮಾನ ಕೇಳ್ಬೇಡ."

ನಲವತ್ತೇಳರ ಈ ಹೆಂಗಸಿಗೆ ಹುಬ್ಬೇ ಇಲ್ಲ. ಒಲೆಯ ಝಳಕ್ಕೆ ಸುಟ್ಟು ಸುಟ್ಟು ಈಗ ಬೆಳೆಯುವುದನ್ನೇ ಬಿಟ್ಟಿದೆ. ಬಲಗೈಯ ಮೊಣಕೈವರೆಗೆ ಹಳೆ ಸುಟ್ಟ ಗಾಯಗಳ ಗುರುತು. ದಿನಕ್ಕೆ ಇನ್ನೂರು ರೊಟ್ಟಿ, ಹಬ್ಬದ ಹಿಂದಿನ ದಿನ ಇನ್ನೂ ಹೆಚ್ಚು. ಈ ಊರಿನಿಂದ ಹೊರಡುವ ಯಾವ ವಾಹನವೂ ಇವರ ರೊಟ್ಟಿಯ ವಾಸನೆಯಿಲ್ಲದೆ ಹೊರಡುವುದಿಲ್ಲ. ಆದರೆ ರೊಟ್ಟಿ ಮಾಡುವವರ ಹೆಸರೇನು ಎಂದು ಬಿಷ್ಕೆಕ್‌ನ ಪ್ರಯಾಣಿಕರನ್ನು ಕೇಳಿ ನೋಡಿ, ಒಬ್ಬರಿಗೂ ಗೊತ್ತಿರುವುದಿಲ್ಲ. ನನಗೇ ಗೊತ್ತಾಗಿದ್ದು ಅವರ ರೊಟ್ಟಿ ತಿನ್ನಲು ಶುರುಮಾಡಿ ಎಷ್ಟೋ ವರ್ಷವಾದ ಮೇಲೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಒಲೆ ಅವರದು. ಮಣ್ಣು ಕಲಸಿ, ಕುರಿಯ ಉಣ್ಣೆ ಬೆರೆಸಿ ತಾವೇ ಕಟ್ಟಿದ್ದು. ಒಲೆ ಕೂತಿರುವ ನೆಲ ಮಾತ್ರ ಸಗೀನ್ ಎಂಬ ಮುದುಕರದು. ಸಗೀನ್ ಅಜ್ಜ ಈಗ ಬಿಷ್ಕೆಕ್‌ನಲ್ಲಿರುವ ಮಗಳ ಹತ್ತಿರ ಮನೆ ಕೊಂಡು ಹೋಗಬೇಕೆಂದಿದ್ದಾರೆ. ಅದಕ್ಕೆ ಈ ಮೂಲೆ ಮಾರಬೇಕು. ಮೊಬೈಲ್ ಅಂಗಡಿಯವನೊಬ್ಬ ದುಡ್ಡು ಹಿಡಿದುಕೊಂಡು ಕಾದಿದ್ದಾನೆ. "ಚಳಿಗಾಲಕ್ಕೆ ಬೆಟ್ಟದಿಂದ ಕುರಿ ಇಳಿಯೋವರೆಗೂ ನಿನಗೆ ಟೈಮು. ಮೂರು ಲಕ್ಷ ಸೊಮ್ ತಂದ್ರೆ ನಿನಗೇ ಕೊಡ್ತೀನಿ. ಆಮೇಲೆ ನನ್ನ ಬೈಕೋಬೇಡ," ಎಂದು ಅಜ್ಜ ಬೇಸಿಗೆಯಲ್ಲೇ ಹೇಳಿದ್ದರು. ತಂದೂರಿ ಒಲೆಯನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲ. ಅಲುಗಿಸಿದರೆ ಒಡೆಯುತ್ತದೆ. ನಿಲ್ದಾಣ ಬಿಟ್ಟು ಬೇರೆ ಕಡೆ ಕಟ್ಟಿದರೆ ಗಿರಾಕಿ ಇರುವುದಿಲ್ಲ. ಮೂಲೆ ಹೋಯಿತೆಂದರೆ ಕಸುಬೇ ಹೋಯಿತು.

ಸಾಲ ಮಾಡಬೇಕು, ಸರಿ. ಎಲ್ಲಿ? ಊರಿನಲ್ಲಿ ಎರಡು ಬಾಗಿಲುಗಳಿವೆ. ಒಂದು ಪತ್ತಿನ ಸಂಘ. ಹಳೆ ಗ್ರಂಥಾಲಯದ ಹಿಂದಿನ ಒಂದೇ ಕೋಣೆ, ಒಳಗೆ ಸದಾ ಕುದಿಯುವ ಚಹಾ. ಊರಿನವರೇ ಷೇರು ಹಾಕಿ ಕಟ್ಟಿಕೊಂಡಿದ್ದು, ಅನಾರ್‌ಕುಲ್ ಕೂಡ ಸದಸ್ಯೆ. ಇಬ್ಬರು ಜಾಮೀನು ನಿಂತರೆ ಸಾಕು, ಆದರೆ ಬಡ್ಡಿ ಜಾಸ್ತಿ. ಇನ್ನೊಂದು ದೊಡ್ಡ ಬ್ಯಾಂಕಿನ ಶಾಖೆ. ಗಾಜಿನ ಬಾಗಿಲು, ಟೋಕನ್ ಕೊಡುವ ಯಂತ್ರ. ಬಡ್ಡಿ ಕಡಿಮೆ, ಆದರೆ ಅಷ್ಟು ದೊಡ್ಡ ಸಾಲಕ್ಕೆ ಮನೆಯ ಪತ್ರ ಅಡವಿಡಬೇಕು.

ಸಲಹೆಗೇನು ಬರವೇ? ಗಂಡ ಮೆಲಿಸ್ ವ್ಯಾನು ಓಡಿಸುತ್ತಾರೆ. ಅವರು ಬ್ಯಾಂಕಿನ ಕಡೆ. "ಸಂಘದಲ್ಲಿ ಸಾಲ ಅಂದ್ರೆ ಊರೆಲ್ಲಾ ನಮ್ಮ ಅತ್ತೇರು ಇದ್ದ ಹಾಗೆ. ಒಂದು ಕೆಜಿ ಮಾಂಸ ತಂದ್ರೂ 'ಕಂತು ಕಟ್ಟಿದ್ಯಾ ಮೆಲಿಸ್' ಅಂತಾರೆ. ಬ್ಯಾಂಕಿನೋರು ನಿನ್ನ ಅಡುಗೆಮನೆ ಇಣುಕಲ್ಲ," ಎನ್ನುತ್ತಾರೆ. ಸಂಘದ ಅಧ್ಯಕ್ಷೆ ಕಲೀಪಾ ನಿವೃತ್ತ ಭೂಗೋಳದ ಟೀಚರು. ಅವರನ್ನು ಕೇಳಿದರೆ, "ನಿನಗೆ ಕಾಯಿಲೆ ಬಿದ್ರೆ ನಾವು ಕಂತು ಮುಂದಕ್ಕೆ ಹಾಕ್ತೀವಿ, ಸೂಪೂ ತಂದ್ಕೊಡ್ತೀವಿ. ಬ್ಯಾಂಕು ತರುತ್ತಾ?" ಎನ್ನುತ್ತಾರೆ. ಇಬ್ಬರದೂ ಸರಿಯೆನಿಸುತ್ತದೆ. ಅನಾರ್‌ಕುಲ್‌ಗೂ ಹಾಗೇ ಅನಿಸಿ ಒಂದು ತಿಂಗಳು ನಿದ್ದೆ ಬರಲಿಲ್ಲವಂತೆ.

"ಬೆಳಿಗ್ಗೆ ಎದ್ದಾಗ ಬ್ಯಾಂಕು ಸರಿ ಅನ್ಸತ್ತೆ. ಹಿಟ್ಟು ನಾದಿ ಮುಗಿಸೋ ಹೊತ್ತಿಗೆ ಸಂಘ ಸರಿ ಅನ್ಸತ್ತೆ. ರೊಟ್ಟಿ ಬೆಂದ ಮೇಲೆ ಎರಡೂ ಬೇಡ, ಸತ್ತು ಹೋಗ್ಲಿ ಅನ್ಸತ್ತೆ," ಎಂದು ನಗುತ್ತಾರೆ. ನಗು ಬೇಗ ನಿಲ್ಲುತ್ತದೆ.

ಕೊನೆಗೆ ಎರಡೂ ಕಡೆ ಕೇಳಿಯೇ ಬಿಡೋಣ ಎಂದು ಹೊರಟರು. ಎಡವಟ್ಟಾಗಿದ್ದು ಅಲ್ಲಿ. ನಮ್ಮಲ್ಲಿ ಯಾರ ಮನೆಗೆ ಹೋದರೂ, ಕೂರಲು ಪುರುಸೊತ್ತಿಲ್ಲದಿದ್ದರೂ, ರೊಟ್ಟಿಯ ಒಂದು ಚೂರನ್ನಾದರೂ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೊರಡುವುದಿಲ್ಲ. ಎದುರಿಗಿಟ್ಟ ರೊಟ್ಟಿಯನ್ನು ಒಬ್ಬರು ಮುಟ್ಟಲಿಲ್ಲವೆಂದರೆ ಅವರು ಬಾಯಿಬಿಟ್ಟು ಹೇಳಬೇಕಿಲ್ಲ, ಮನಸ್ಸಿನಲ್ಲಿ 'ಇಲ್ಲ' ಎಂದಾಗಿದೆ.

ಅನಾರ್‌ಕುಲ್ ಬ್ಯಾಂಕಿಗೆ ಬಿಸಿ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದರು. ಸಾಲದ ಮೇಜಿನಲ್ಲಿದ್ದ ಮೀರಿಮ್ ಎಂಬ ಹುಡುಗಿ ಅರ್ಜಿ ತೆಗೆದುಕೊಂಡಳು, ಮನೆಯ ಪತ್ರದ ನಕಲು ಮಾಡಿಕೊಂಡಳು, ನಕ್ಕಳು, ರೊಟ್ಟಿಯನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿ ಕಂಪ್ಯೂಟರ್ ಕುಟ್ಟಲು ಶುರುಮಾಡಿದಳು. "ಅಷ್ಟೇ, ನನಗೆ ಗೊತ್ತಾಯ್ತು," ಎನ್ನುತ್ತಾರೆ ಅನಾರ್‌ಕುಲ್. "ನಮ್ಮ ರೊಟ್ಟಿ ಬೇಡ ಅಂದೋಳು ನಮಗೆ ದುಡ್ಡು ಕೊಡ್ತಾಳಾ? ಪತ್ರ, ರೊಟ್ಟಿ ಎರಡೂ ತಗೊಂಡು ಎದ್ದು ಬಂದ್ಬಿಟ್ಟೆ." ಮೀರಿಮ್ ಹಿಂದಿನಿಂದ ಏನೋ ಕೂಗಿದಳಂತೆ. ಇವರು ತಿರುಗಿ ನೋಡಲಿಲ್ಲ.

ಮಾರನೆಯ ದಿನ ಸಂಘ. ಕಲೀಪಾ ಮತ್ತು ಸಮಿತಿಯ ಹೆಂಗಸರು ರೊಟ್ಟಿ ಮುರಿದರು, ಕೆನೆ ಹಚ್ಚಿದರು, ಒಂದು ಚೂರೂ ಉಳಿಸದೆ ತಿಂದರು. ಕೊನೆಗೆ ತಮ್ಮ ಮುಖದ ಮೇಲೆ ಕೈಯಾಡಿಸಿ ಆಶೀರ್ವಾದವನ್ನೂ ಮಾಡಿದರು. ಇನ್ನೇನು ಬೇಕು? ಅನಾರ್‌ಕುಲ್ ಅಲ್ಲಿಂದ ನೇರ ಸಗೀನ್ ಅಜ್ಜನ ಮನೆಗೆ ಹೋಗಿ "ದುಡ್ಡು ಆಯ್ತು" ಎಂದು ಮಾತು ಕೊಟ್ಟರು. ಅಜ್ಜ ಅದೇ ದಿನ ಮೊಬೈಲ್ ಅಂಗಡಿಯವನನ್ನು ಕರೆದು ಬೇಡವೆಂದರು. ಒಂದು ವಾರ ಅನಾರ್‌ಕುಲ್ ಚೆನ್ನಾಗಿ ನಿದ್ದೆ ಮಾಡಿದರು.

ನಿನ್ನೆ ಕಲೀಪಾ ಒಲೆಯ ಹತ್ತಿರ ಬಂದು, "ಅನಾರ್, ನಿನ್ನ ಅರ್ಜಿ ಸಭೇಲಿ ಇಟ್ವಿ. ಅರ್ಧ ಕೊಡಬಹುದು. ಅದಕ್ಕಿಂತ ಜಾಸ್ತಿ ಒಬ್ಬರಿಗೆ ಕೊಟ್ರೆ ಸಂಘ ಮುಳುಗತ್ತೆ," ಎಂದರು.

"ಎಲ್ಲಾರೂ ತಿಂದ್ರಲ್ಲ ಎಜೆ!"

"ತಿಂದ್ವಿ. ಚೆನ್ನಾಗಿತ್ತು. ಅದಕ್ಕೂ ಇದಕ್ಕೂ ಏನು?"

ಸಂಜೆ ಬ್ಯಾಂಕಿನಿಂದ ಫೋನು. ಸಾಲ ಮಂಜೂರಾಗಿ ಮೂರು ದಿನವಾಯಿತು, ಸಹಿ ಹಾಕಲು ಏಕೆ ಬಂದಿಲ್ಲ ಎಂದು ಮೀರಿಮ್ ಕೇಳಿದಳು. ತಿಂದವರು ಕೊಡಲಿಲ್ಲ, ಮುಟ್ಟದವಳು ಕೊಟ್ಟಳು. "ನನ್ನ ಲೆಕ್ಕ ಎಲ್ಲಾ ತಲೆಕೆಳಗಾಯ್ತು," ಎನ್ನುತ್ತಾರೆ ಅನಾರ್‌ಕುಲ್. ಮೊದಲ ಕುರಿಹಿಂಡು ಇಂದು ನಾಳೆ ಊರೊಳಗೆ ಬರುತ್ತದೆ. ಮಾತು ಕೊಟ್ಟಾಗಿದೆ, ಕೈಯಲ್ಲಿ ದುಡ್ಡಿಲ್ಲ. ಬ್ಯಾಂಕಿಗೆ ಹೋದರೆ ಪೂರ್ತಿ ಸಿಗುತ್ತದೆ, ಆದರೆ ಮಕ್ಕಳು ಮಲಗುವ ಮನೆಯನ್ನು ಅಡ ಇಡಬೇಕು. "ರೊಟ್ಟಿ ಸೀದ್ರೆ ಒಂದು ರೊಟ್ಟಿ ಹೋಗತ್ತೆ. ಕಂತು ತಪ್ಪಿದ್ರೆ ಸೂರು ಹೋಗತ್ತೆ. ನನಗೆ ಹೆದರಿಕೆ ಆಗತ್ತೆ, ಸುಳ್ಳು ಯಾಕೆ ಹೇಳ್ಲಿ?"

ನಾವು ಇಷ್ಟು ಮಾತಾಡುವಷ್ಟರಲ್ಲಿ ಬೆಳಕು ಹರಿಯುತ್ತದೆ. ಬ್ಯಾಂಕಿನ ನೀಲಿ ಕೋಟು ತೊಟ್ಟ ಹುಡುಗಿಯೊಬ್ಬಳು ಚಾಲಕರನ್ನು ದಾಟಿಕೊಂಡು ಬಂದು ಒಲೆಯ ಮುಂದೆ ನಿಲ್ಲುತ್ತಾಳೆ. ಮೀರಿಮ್. ಕೆಲಸಕ್ಕೆ ಹೋಗುವ ಮುಂಚೆ ಬಂದಿದ್ದಾಳೆ. ಒಂದು ರೊಟ್ಟಿಗೆ ದುಡ್ಡು ಕೊಟ್ಟು, ಅಲ್ಲೇ ನಿಂತು ಮುರಿದು ತಿನ್ನುತ್ತಾಳೆ. ಅನಾರ್‌ಕುಲ್ ಮುಖ ಬಿಗಿದುಕೊಂಡಿದ್ದಾರೆ.

"ಅವತ್ತು ಬೇಜಾರಾಯ್ತಾ ಎಜೆ? ಗಿರಾಕಿಗಳಿಂದ ನೀರು ಕೂಡ ತಗೊಳ್ಳೋ ಹಾಗಿಲ್ಲ ನಾವು. ಮೇಲೆ ಕ್ಯಾಮೆರಾ ಇದೆ. ನಿಮ್ಮ ರೊಟ್ಟಿ ವಾಸನೆಗೆ ಇಡೀ ದಿನ ಹಸಿವು ನನಗೆ."

"ಒಂದು ಮಾತು ಹೇಳಬಾರದಿತ್ತಾ ಹುಡುಗಿ?"

"ಹೇಳ್ದೆ. ನೀವು ಬಾಗಿಲು ದಾಟಿದ್ರಿ. ಇನ್ನೊಂದು ಮಾತೂ ಹೇಳ್ತಿದ್ದೆ. ಒಂದೂವರೆ ಲಕ್ಷದವರೆಗೆ ಆದ್ರೆ ಮನೆ ಪತ್ರ ಬೇಡ. ವ್ಯಾಪಾರ ನೋಡಿ ಕೊಡ್ತೀವಿ."

ಒಲೆಯಲ್ಲಿ ರೊಟ್ಟಿ ಸೀಯುವ ವಾಸನೆ ಬರುತ್ತದೆ. ಅನಾರ್‌ಕುಲ್ ಅಲುಗುವುದಿಲ್ಲ. ಒಬ್ಬ ಚಾಲಕ "ಎಜೆ, ರೊಟ್ಟಿ" ಎನ್ನುತ್ತಾನೆ. ಅವರು ಮೀರಿಮ್‌ಳನ್ನೇ ನೋಡುತ್ತ, "ಅರ್ಧ ಅವರು, ಅರ್ಧ ನೀವು. ಹಾಗೆ ಮಾಡಬಹುದಾ?" ಎಂದು ಕೇಳುತ್ತಾರೆ.

"ಸಂಘದ ಸಾಲ ಇದೆ ಅಂತ ನಮಗೆ ಮುಚ್ಚಿಡಬಾರ್ದು. ಎರಡೂ ಕಂತು ನಿಮ್ಮ ವ್ಯಾಪಾರಕ್ಕೆ ತಡೆಯುತ್ತಾ ಅಂತ ಕೂತು ನೋಡೋಣ ಬನ್ನಿ. ರೊಟ್ಟಿ ಮಾತ್ರ ತರಬೇಡಿ."

ಕುರಿ ಇಳಿದ ದಿನವೇ ಅರ್ಧ ಸಂಘದ, ಅರ್ಧ ಬ್ಯಾಂಕಿನ ದುಡ್ಡು ಸಗೀನ್ ಅಜ್ಜನ ಕೈ ಸೇರಿತು. ಸಂಘದ ಸಾಲಕ್ಕೆ ಜಾಮೀನು ನಿಂತವರಲ್ಲಿ ಕಲೀಪಾ ಒಬ್ಬರು. ಮೆಲಿಸ್ ಎರಡು ದಿನ ಮುಖ ಊದಿಸಿಕೊಂಡಿದ್ದರು. "ಎರಡು ದೋಣಿ ಮೇಲೆ ಕಾಲಿಟ್ಟಿದ್ದೀಯ," ಎಂದು ಗೊಣಗಿದ್ದಕ್ಕೆ ಹೆಂಡತಿ, "ನನಗಿರೋದೂ ಎರಡೇ ಕಾಲು," ಎಂದರಂತೆ.

ಇದು ಜಾಣತನವೋ ಹುಚ್ಚೋ ನನಗೆ ತಿಳಿಯದು. ಎರಡು ಕಡೆಯ ಕಂತು ಹೊತ್ತ ಮನುಷ್ಯರನ್ನು ಕಂಡರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಮೊನ್ನೆ ಹೋದಾಗ ನೇರವಾಗಿಯೇ ಕೇಳಿದೆ, ಸರಿ ಮಾಡಿದಿರಾ ಎಂದು.

"ಗೊತ್ತಿಲ್ಲ," ಎನ್ನುತ್ತಾರೆ ಅನಾರ್‌ಕುಲ್, ಹಿಟ್ಟಿನ ಬಿಲ್ಲೆಯ ನಡುವೆ ತೂತು ಹಾಕುವ ಮುಳ್ಳಚ್ಚು ಒತ್ತುತ್ತ. "ಮೂರು ವರ್ಷ ಕಳೀಲಿ, ಆಗ ಕೇಳಿ. ನಿನ್ನೆ ಒಂದು ತಮಾಷೆ ಆಯ್ತು. ತಾಲಸ್ ಕಡೆಯ ಹೊಸ ಡ್ರೈವರು ಬಂದು, 'ಇಲ್ಲಿ ಕಾರು ನಿಲ್ಲಿಸಬಹುದಾ, ಈ ಜಾಗದೋರು ಯಾರು' ಅಂದ. ಅಭ್ಯಾಸ ನೋಡಿ, 'ಸಗೀನ್ ಅಜ್ಜನ್ನ ಕೇಳು, ಆ ಕಡೆ ಮನೆ' ಅಂದ್ಬಿಟ್ಟೆ. ಅವನು ರಸ್ತೆ ದಾಟಿದ. ಆಮೇಲೆ ಹೊಳೀತು ನನಗೆ. ಹಿಟ್ಟಿನ ಕೈಯಲ್ಲೇ ಓಡಿದೆ, ಕರೆದೆ ಅವನ್ನ."

"ಏನಂದಿರಿ?"

"'ನನ್ನದು. ನಿಲ್ಲಿಸೋ ಹಾಗಿಲ್ಲ' ಅಂದೆ."