ತಗಡಿನಾಚೆಯ ಡಾಕ್ಟರು

ಡಾಕ್ಟರರನ್ನು ಕೇಳದೆ ಔಷಧದ ಪ್ರಮಾಣ ಇಳಿಸಿದ ಮೂರ್ಖನೆಂದು ನನ್ನನ್ನು ಯಾರೂ ಬಯ್ಯುವಂತಿಲ್ಲ. ನಾನು ಕೇಳಿಯೇ ಇಳಿಸಿದೆ. ಕೈ ಮುಗಿದು, ಸೊಂಟ ಬಗ್ಗಿಸಿ, "ಸಾಹೇಬ್ರ, ಈ ಬಿಲ್ಲಿ ಅರ್ಧಾ ಮಾಡ್ಲೇನ್ರಿ?" ಎಂದು ಕೇಳಿದೆ. ಡಾಕ್ಟರರು ಕನ್ನಡಕ ತೆಗೆದು, ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಟ್ಟು, ಕೋಟಿನ ತುದಿಯಿಂದ ಒರೆಸಿ, "ಹಂ... ಕರಾಯಚಂ! ಅರ್ಧಾ ಸಾಕು. ಕಾಹೀ ಹರಕತ್ ನಾಹೀ" ಎಂದು, ಅಂದರೆ ಮಾಡು, ಏನೂ ಅಡ್ಡಿಯಿಲ್ಲ ಎಂದು, ಮರಾಠಿ ಬೆರೆಸಿ ಅಪ್ಪಣೆ ಕೊಟ್ಟರು. ಒಂದೇ ಒಂದು ಕೊರತೆಯೆಂದರೆ ಆ ಹೊತ್ತಿನಲ್ಲಿ ನನ್ನ ಬಾಡಿಗೆ ಖೋಲಿಯಲ್ಲಿ ಇದ್ದವನು ನಾನೊಬ್ಬನೇ. ಎದುರಿಗಿದ್ದದ್ದು ಗಡ್ಡ ಹೆರೆಯುವ ಕನ್ನಡಿ. ಕೇಳಿದ ಬಾಯಿಯೂ ನನ್ನದು, ಹೇಳಿದ ಬಾಯಿಯೂ ನನ್ನದು. ಇಷ್ಟು ಸುಲಭವಾಗಿ ಒಪ್ಪಿಗೆ ಕೊಡುವ ಡಾಕ್ಟರರು ನಿಮಗೂ ಸಿಗಲಿ ಎಂದು ಹಾರೈಸುತ್ತಿದ್ದೆ. ಮುಂದೆ ನಡೆದದ್ದನ್ನು ನೆನೆದು ಹಾರೈಕೆಯನ್ನು ವಾಪಸು ಪಡೆದಿದ್ದೇನೆ.

ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರವಾದ ಮರುವರ್ಷದ ಮಾತಿದು. ನನಗೆ ಇಪ್ಪತ್ತೊಂದು ತುಂಬಿತ್ತು. ಅಪ್ಪ-ಅವ್ವ ರಬಕವಿಯಲ್ಲಿ ಕೈಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರೆ, ನಾನು ಇಚಲಕರಂಜಿಯ ಒಂದು ಶೆಡ್ಡಿನಲ್ಲಿ ಎರಡು ಪವರ್‌ಲೂಮುಗಳ ನಡುವೆ ನಿಂತಿದ್ದೆ. ಮಗ್ಗ ನನಗೆ ಹೊಟ್ಟೆ ತುಂಬಿಸಿದರೆ, ಹೆಸರು ತಂದದ್ದು ನಕಲು. ಶೆಡ್ಡಿನಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವನ ಮಾತು ಕೇಳಿಸುವುದಿಲ್ಲ. ತುಟಿ ನೋಡಿಯೇ ತಿಳಿದುಕೊಳ್ಳಬೇಕು. ಹೀಗಾಗಿ ಅಲ್ಲಿ ನನ್ನ ನಕಲು ಬರೀ ಮುಖದ್ದು. ಮಾಲಕರು ವೀಳ್ಯ ಹಾಕಿಕೊಂಡು ಸಿಟ್ಟಾಗುವುದು, ಮಗ್ಗ ರಿಪೇರಿಯ ಜಾಬರ್ ಸ್ಪ್ಯಾನರ್ ಹಿಡಿದು ದೇವರನ್ನು ನೆನೆಯುವುದು, ಎಲ್ಲವನ್ನೂ ಮೂಕಾಭಿನಯದಲ್ಲಿ ಮಾಡುತ್ತಿದ್ದೆ. ಧ್ವನಿ ಹೊರಬೀಳುತ್ತಿದ್ದದ್ದು ಚಹಾದ ಹೊತ್ತಿಗೆ. ಮೂಗಿನಿಂದಲೇ "ಕೊರೋಚೀ, ಕೊರೋಚೀ" ಎಂದು ಪಕ್ಕದ ಊರಿನ ಹೆಸರು ಕೂಗುವ ಎಸ್.ಟಿ. ಬಸ್ಸಿನ ಕಂಡಕ್ಟರನನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಒಮ್ಮೆ ಒಬ್ಬ ಮುದುಕ ಚಹಾದಂಗಡಿಯಿಂದ ಗಂಟು ಎತ್ತಿಕೊಂಡು ಹೊರಗೆ ಓಡಿದ.

ಇಂಥ ಗಂಟಲಿಗೆ ಕೆಮ್ಮು ಬಂತು. ಸಂಜೆಗೆ ಮೈ ಬಿಸಿ. ಕೊಲ್ಲಾಪುರಕ್ಕೆ ಹೋಗಿ ಎದೆಯ ಫೋಟೊ ತೆಗೆಸಿಕೊಂಡು ಬಂದರೆ, ಪೇಟೆಯ ಡಾಕ್ಟರರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಟೀಬಿ" ಎಂದರು. ಅವರು ಮರಾಠಿಯವರು. ಮೂವತ್ತು ವರ್ಷ ನಮ್ಮ ಕೆಮ್ಮು ಕೇಳಿ ಕೇಳಿ ಕನ್ನಡ ಕಲಿತಿದ್ದರು, ಆದರೆ ವಾಕ್ಯದ ಕೊನೆಗೆ ತಪ್ಪದೆ ಮರಾಠಿಗೆ ಹಾರುತ್ತಿದ್ದರು: "ದಿನಾ ತಗೊಂಡು, ಪುರಾ ಘ್ಯಾಯಚಂ!" ಪೂರಾ ನುಂಗಬೇಕು ಎಂದರ್ಥ. ಅಂದಿನ ದಿನವೇ, ನನಗೆ ರೋಗ ಬಂದಿದೆ ಎಂಬ ದುಃಖದ ನಡುವೆಯೂ, ಆ 'ಘ್ಯಾಯಚಂ' ನನ್ನ ಜೇಬಿಗೆ ಬಿತ್ತು.

ನುಂಗಬೇಕಾದದ್ದು ದಿನಕ್ಕೆ ಹನ್ನೆರಡು ಬಿಲ್ಲೆ. ಬಿಲ್ಲೆ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬಂತೋ, ಅದರ ದುಪ್ಪಟ್ಟು ಮಾಡಿಕೊಳ್ಳಿ. ಬತ್ತಾಸದಷ್ಟು ಅಗಲ, ಒಳಗೆ ಪುಡಿ. ನೀರಿನಲ್ಲಿ ಅದ್ದಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು ಇಳಿಸಬೇಕು. ಇಳಿದ ಮೇಲೆ ಹೊಟ್ಟೆಯಲ್ಲಿ ಶೆಡ್ಡು ಶುರುವಾಗುತ್ತಿತ್ತು. ರೊಟ್ಟಿಗೆ ರುಚಿಯಿಲ್ಲ, ಖಾರ ಕಂಡರೆ ಓಕರಿಕೆ.

ಇದೇ ಬಿಲ್ಲೆ, ಇದೇ ರೋಗ ಪಕ್ಕದ ಖೋಲಿಯ ಕಾಶವ್ವನಿಗೂ ಇತ್ತು. ನಮ್ಮಿಬ್ಬರ ನಡುವೆ ಇದ್ದ ಗೋಡೆ ಒಂದು ತಗಡು, ಅಷ್ಟೇ. ಅವಳು ನಮ್ಮ ಶೆಡ್ಡಿನಲ್ಲೇ ಹೊಕ್ಕಿನ ದಾರವನ್ನು ಕಂಡಿಕೆಗೆ ಸುತ್ತುವವಳು, ಐವತ್ತರ ಆಚೆಯ ವಿಧವೆ, ನಾಲಿಗೆ ಲಾಳಿಯಂತೆ. ಇದ್ದ ಒಬ್ಬಳೇ ಮಗಳನ್ನು ಗಡಹಿಂಗ್ಲಜಕ್ಕೆ ಕೊಟ್ಟಿದ್ದಳು. ಆ ಮಗಳು ಹೆತ್ತಿದ್ದಳು. ಫೋಟೊ ಸ್ವಚ್ಛವಾಗುವ ತನಕ ಕೂಸನ್ನು ತೊಡೆಯ ಮೇಲೆ ತೆಗೆದುಕೊಳ್ಳಕೂಡದು ಎಂದು ಡಾಕ್ಟರರ ಕಟ್ಟಪ್ಪಣೆ. ಒಮ್ಮೆ ಹೋಗಿ ಅಂಗಳದಲ್ಲಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು, ಹೊಸ್ತಿಲಾಚೆ ಮಲಗಿದ್ದ ಮೊಮ್ಮಗಳನ್ನು ನೋಡಿ ಬಂದಿದ್ದಳು. ಬಂದವಳೇ ತುಂಡು ಬಟ್ಟೆಗಳನ್ನು ಕೂಡಿಸಿ ಒಂದು ಕುಂಚಿಗೆ ಹೊಲಿದಳು. ಅದನ್ನು ತೊಡಿಸುವ ದಿನ ಬರುವಷ್ಟರಲ್ಲಿ ಕೂಸಿನ ತಲೆ ದೊಡ್ಡದಾಯಿತೆಂದು ಮಗಳು ಹೇಳಿ ಕಳಿಸಿದಳು. ಕಾಶವ್ವ ಇನ್ನೊಂದು ಹೊಲಿದಳು.

ಈಗ ನನ್ನ ತರ್ಕ ಕೇಳಿ. ಪವರ್‌ಲೂಮಿನ ಹಿಂದೆ ಹಾಸಿನ ದಾರವನ್ನು ಬಿಗಿಯಾಗಿಡಲು ಕಬ್ಬಿಣದ ಭಾರಗಳನ್ನು ತೂಗುಹಾಕಿರುತ್ತಾರೆ. ದಾರ ಪದೇ ಪದೇ ಹರಿಯತೊಡಗಿದರೆ ನಮ್ಮಂಥವರು ಜಾಬರನಿಗಾಗಿ ಕಾಯುವುದಿಲ್ಲ. ಅವನ ಬೆನ್ನು ಅತ್ತ ತಿರುಗಿದೊಡನೆ ಒಂದು ಭಾರ ಇಳಿಸಿಬಿಡುತ್ತೇವೆ. ಇಚಲಕರಂಜಿಯಲ್ಲಿ ಹೀಗೆ ಕದ್ದು ಭಾರ ಇಳಿಸದ ಕೈ ಇಲ್ಲ. ನನ್ನ ಹೊಟ್ಟೆಯಲ್ಲಿ ದಾರ ಹರಿಯುತ್ತಿತ್ತು. ಭಾರ ಇಳಿಸಿದೆ. ಹನ್ನೆರಡು ಆರಾಯಿತು.

ಅಂದಹಾಗೆ, ಔಷಧದ ವಿಷಯದಲ್ಲಿ ನಮ್ಮ ಜನ ಹುಟ್ಟಾ ಜಾಬರರು. ಡಾಕ್ಟರರು ಬಾಟಲಿಗೆ ಹಚ್ಚಿ ಕೊಡುವ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಇದೆಯಲ್ಲ, ಒಂದು ಹಲ್ಲಿಗೆ ಒಂದು ಸಲ ಎಂದು, ಅದನ್ನು ಗೌರವಿಸಿದವರನ್ನು ನಾನು ಕಂಡಿಲ್ಲ. ನಮ್ಮಪ್ಪ ಜ್ವರದ ಒಂದು ಗುಳಿಗೆಯನ್ನು ಮೂರು ಮಕ್ಕಳಿಗೆ ಪ್ರಸಾದದಂತೆ ಹಂಚುತ್ತಿದ್ದ. ಅದರಲ್ಲಿ ಜ್ವರ ಬಂದಿದ್ದದ್ದು ಒಬ್ಬನಿಗೆ. ನಮ್ಮ ಜಾಬರನಂತೂ, ಬೇಗ ಮುಗಿದರೆ ಬೇಗ ಗುಣ ಎಂದು ಮೂರು ದಿನದ ಬಾಟಲಿಯನ್ನು ಒಂದೇ ಗುಟುಕಿಗೆ ಎತ್ತಿ, ಎರಡು ದಿನ ನಿದ್ದೆ ಹೋಗಿದ್ದ. ವಿಚಿತ್ರ ನೋಡಿ: ಬದನೆಕಾಯಿ ತಿನ್ನಬಹುದೇ, ಮಜ್ಜಿಗೆ ಕುಡಿಯಬಹುದೇ, ತಲೆಗೆ ಎರೆದುಕೊಳ್ಳಬಹುದೇ ಎಂದು ಹೊಸ್ತಿಲು ದಾಟಿದ ಮೇಲೂ ತಿರುಗಿ ಬಂದು ಕೇಳುತ್ತೇವೆ. ಔಷಧ ಕಡಿಮೆ ಮಾಡಬಹುದೇ ಎಂದು ಮಾತ್ರ ಕೇಳುವುದಿಲ್ಲ. ಏಕೆಂದರೆ ಉತ್ತರ ಗೊತ್ತು. ನಾನು ಕೇಳಿದೆನಲ್ಲ, ಅದೇ ನನ್ನ ಹೆಚ್ಚುಗಾರಿಕೆ. ಕೇಳುವ ಮುಂಚೆ ಉತ್ತರಿಸುವವನನ್ನು ಬದಲಿಸಿಕೊಂಡಿದ್ದೆ ಎಂಬುದು ಬೇರೆ ಮಾತು.

ಮೊದಲ ಎರಡು ವಾರ ಸ್ವರ್ಗ. ರೊಟ್ಟಿಗೆ ರುಚಿ ಬಂತು. ಶೇಂಗಾ ಚಟ್ನಿ ನನ್ನನ್ನು ಗುರುತಿಸಿತು. ಡಾಕ್ಟರರಿಗಿಂತ ಅವರ ನಕಲೇ ಗಟ್ಟಿ ವೈದ್ಯ ಎಂದು ಬೀಗಿದೆ. ಅಂಥ ಒಂದು ಬೆಳಿಗ್ಗೆ ಕಾಶವ್ವ ನಳದ ಹತ್ತಿರ ಕೊಡ ತೊಳೆಯುತ್ತ ಕರೆದಳು.

"ಏ ನಕಲೀ, ಬಿಲ್ಲಿ ಕಡಿಮಿ ಬಿದ್ರ ನನ್ನ ಕಡೆ ಒಯ್ಯೋ. ಡಬ್ಬಿ ತುಂಬ ಉಳದಾವ."

"ಯಾಕ ಉಳದಾವು, ಕಾಶವ್ವಾ?"

"ಯಾಕಂದ್ರ? ಡಾಕ್ಟರ್ ಬಂದಿದ್ದನಲ್ಲ ನಿನ್ನ ಖೋಲಿಗೆ? ಅರ್ಧಾ ಸಾಕು ಅಂದನಲ್ಲ? ನಿಂದೂ ನಂದೂ ಒಂದಽ ರೋಗ. ಮತ್ತ ನಾ ಬ್ಯಾರೇ ಹೋಗಿ ಯಾಕ ಕೇಳಲಿ?"

ಎದೆ ಧಸಕ್ಕೆಂದಿತು ಎಂದು ಬರೆಯಬೇಕು. ಬರೆಯುತ್ತೇನೆ, ಅದು ನಿಜ. ಆದರೆ ಅದಕ್ಕೂ ಒಂದು ಕ್ಷಣ ಮೊದಲು ಇನ್ನೊಂದು ಆಯಿತು. ನಿಮ್ಮ ಮುಂದೆ ಮುಚ್ಚಿಡುವುದೇನು? ನಾನು ಹಿಗ್ಗಿದೆ. ಮೂವತ್ತು ವರ್ಷ ಡಾಕ್ಟರರನ್ನು ಕೇಳಿದ ಕಿವಿ ನನ್ನ ಧ್ವನಿಗೆ ಮೋಸ ಹೋಗಿತ್ತು! ಆ ಹಿಗ್ಗು ಇಳಿಯುವುದರೊಳಗೆ ಕಾಶವ್ವ ಕೆಮ್ಮಿದಳು. ಹಳೆಯ ಕೆಮ್ಮು, ಕೊಡದೊಳಗಿಂದ ಬಂದಂಥದ್ದು. ಹಗ್ಗದ ಮೇಲೆ ಅವಳು ಒಗೆದು ಹಾಕಿದ್ದ ಮೂರನೆಯ ಕುಂಚಿಗೆ ಗಾಳಿಗೆ ಆಡುತ್ತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಲಿಲ್ಲ. ಹಿಗ್ಗು ನಾಲಿಗೆ ಹಿಡಿದಿತ್ತು.

ಅದೇ ವಾರ ನನಗೂ ಸಂಜೆಯ ಜ್ವರ ಮರಳಿತು. ಚಹಾದಂಗಡಿಯಲ್ಲಿ "ಕೊರೋಚೀ" ಎನ್ನಲು ಹೋದರೆ "ಕೊ" ಎಂಬಲ್ಲೇ ದಾರ ಹರಿಯಿತು. ಯಾರೂ ನಗಲಿಲ್ಲ. ಮರುದಿನ ಹೋಗಿ ಡಾಕ್ಟರರ ಮುಂದೆ ನಿಂತು, ನಾನೂ ಕಾಶವ್ವನೂ ಬಿಲ್ಲೆ ಅರ್ಧ ಮಾಡಿದ್ದನ್ನು ಒಪ್ಪಿಕೊಂಡೆ.

"ಅರ್ಧಾ ಮಾಡು ಅಂತ ಯಾರು ಹೇಳಿದರು?"

"ನೀವಽ ಹೇಳಿದ್ರಿ."

"ನಾನು? ಕಸಂ? ಹೆಂಗ ಹೇಳಿದೆ? ಮಾಡಿ ತೋರಿಸು."

ಔಷಧ ಕಲಸುವ ಕಂಪೌಂಡರನ ಕೈ ನಿಂತಿತು. ನಾನು ಇಲ್ಲದ ಕನ್ನಡಕ ತೆಗೆದೆ, 'ಹಾ' ಎಂದು ಊದಿದೆ, ಒರೆಸಿದೆ, ಅಪ್ಪಣೆ ಕೊಟ್ಟೆ. ಡಾಕ್ಟರರು ತಮ್ಮ ಕನ್ನಡಕ ತೆಗೆದರು. ಊದಲು ಬಾಯಿ ತೆರೆದವರು, ಏನೋ ನೆನಪಾಗಿ, ಊದದೆ ಹಾಗೇ ಇಟ್ಟುಕೊಂಡರು.

"ಆವಾಜ್ ಬರೋಬರ ಅದ," ಎಂದರು. "ಔಷಧ ಚೂಕ ಅದ, ತಪ್ಪು. ಮಗ್ಗದ ಭಾರ ಇಳಿಸಿದರ ದಾರ ಹರಿಯೋದು ನಿಲ್ಲತದ, ಖರೇ. ಬಟ್ಟಿ ಏನಾಗತದ?"

"ಸಡ್ಲ ಬೀಳತೈತ್ರಿ."

"ಆ ಸಡ್ಲದಾಗಽ ರೋಗ ತೂರಿಕೊಂಡು ಕುಂತದ. ಇನ್ನ ಮ್ಯಾಲೆ ಸೂಜಿನೂ, ಮತ್ತ ಹನ್ನೆರಡು ಬಿಲ್ಲಿನೂ. ಆಕಿನ್ನೂ ಕರಕೊಂಡು ಬಾ. ಆದರ ನನ್ನ ಆವಾಜಿನಾಗ ಕರೀಬ್ಯಾಡ. ನಿನ್ನದರಾಗ ಕರಿ."

ದಾರಿಯುದ್ದಕ್ಕೂ ಅದನ್ನೇ ಹುಡುಕಿದೆ. ನನ್ನದು ಎಂಬ ಆವಾಜು ಎಲ್ಲಿದೆ? ಮಾಲಕರದು ಇತ್ತು, ಜಾಬರನದು ಇತ್ತು, ಕಂಡಕ್ಟರನದು ಇತ್ತು. ಇಷ್ಟು ಬಾಡಿಗೆದಾರರನ್ನು ಇಟ್ಟುಕೊಂಡ ಮನೆಯಲ್ಲಿ ಮಾಲಕನಿಗೆ ಮೂಲೆಯಿಲ್ಲ. ಕಾಶವ್ವನ ಬಾಗಿಲಲ್ಲಿ ನಿಂತಾಗ ಕೊನೆಗೆ ಒಂದು ತೆಳ್ಳಗಿನ, ಒಡಕು ಧ್ವನಿ ಹೊರಬಂತು. ಅದರ ಪರಿಚಯ ನನಗೇ ಇರಲಿಲ್ಲ. "ಕಾಶವ್ವಾ, ನನಗ ಮತ್ತ ಜ್ವರಾ ಬರಾಕತ್ತಾವು. ಅರ್ಧಾ ಸಾಕಾಗೂದಿಲ್ಲಂತ. ನೀನೂ ಬಾ." ಅವಳು ನನ್ನನ್ನು ಒಮ್ಮೆ ನೋಡಿ, "ನಡಿ" ಎಂದು ಸೆರಗು ಹೊದ್ದು ಚಪ್ಪಲಿ ಮೆಟ್ಟಿದಳು. ಅರ್ಧ ಸಾಕೆಂದವರು ಯಾರೆಂಬ ಮಾತನ್ನು ನಾನು ಆಗಲೂ ನುಂಗಿದೆ. ಅದು ಹದಿಮೂರನೆಯ ಬಿಲ್ಲೆ, ಇಳಿಯಲೇ ಇಲ್ಲ.

ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ದಿನಾ ತಗಡಿನ ಆಚೆ ಈಚೆ ಕೂತು ಜೋಡಿಯಾಗಿ ನುಂಗಿದೆವು. "ಆತೇನೋ ಆರನೇದು?" ಎಂದು ಅವಳು ತಗಡು ಬಡಿಯುವಳು, ನಾನು ತಿರುಗಿ ಬಡಿಯುವೆ. ಸೂಜಿಯ ದಿನಗಳಲ್ಲಿ ಡಾಕ್ಟರರಿಗೆ ಕಾಶವ್ವ ಇಟ್ಟ ಹೆಸರುಗಳನ್ನು ಬರೆದರೆ ಈ ಪ್ರಬಂಧ ಅಚ್ಚಾಗುವುದಿಲ್ಲ. ನಾಲ್ಕನೆಯ ಕುಂಚಿಗೆ ಚಿಕ್ಕದಾಗಿ, ಅದರ ಬಟ್ಟೆ ಬಿಚ್ಚಿ ಅವಳು ಲಂಗ ಹೊಲಿಯತೊಡಗಿದ್ದಳು.

ಕೊನೆಗೆ ಕೊಲ್ಲಾಪುರದ ಫೋಟೊ. "ಶ್ವಾಸ ಹಿಡೀರಿ" ಎಂದ ಫೋಟೊದವನು "ಬಿಡಿರಿ" ಎನ್ನುವುದನ್ನು ಮರೆತು ಮುಂದಿನವರನ್ನು ಕರೆದ. ಕಾಶವ್ವ ಬಾಗಿಲ ತನಕ ಉಸಿರು ಹಿಡಿದುಕೊಂಡೇ ಬಂದಳು. ಹೇಳಿದಷ್ಟೇ ಮಾಡುವ ಹೆಂಗಸಾಗಿಬಿಟ್ಟಿದ್ದಳು! ಇಚಲಕರಂಜಿಯಲ್ಲಿ ಡಾಕ್ಟರರು ಎರಡೂ ಫೋಟೊಗಳನ್ನು ಕಿಟಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಸಾಫ್" ಎಂದರು. ಒಂದೇ ಶಬ್ದ. ಅಂಥ ಭಾಷಣ ನಾನು ಮತ್ತೆ ಕೇಳಿಲ್ಲ. ನಾವಿಬ್ಬರೂ ಪೇಟೆಯ ನಡುವೆ, ಮುಂದೆ ವಾದ್ಯ ಹೊರಟಿದೆಯೇನೋ ಎಂಬಂತೆ ನಡೆದೆವು. ನಾನು ಗಂಟಲು ಬಿಚ್ಚಿ "ಗಡಹಿಂಗ್ಲಜ್, ಗಡಹಿಂಗ್ಲಜ್!" ಎಂದು ಕಂಡಕ್ಟರನಾಗಿ ಕೂಗಿದೆ. ಸ್ಟ್ಯಾಂಡಿನಲ್ಲಿ ನಾಲ್ಕು ಜನ ಎದ್ದು ನಿಂತರು. ಗಂಟಲೂ ಸಾಫ್.

ಮರುದಿನ ನನ್ನನ್ನೂ ಕರೆದುಕೊಂಡು ಹೋದ ಕಾಶವ್ವ ಗಡಹಿಂಗ್ಲಜದ ಆ ಮನೆಯ ಅಂಗಳದಲ್ಲಿ ಒಂದು ಗಳಿಗೆ ನಿಂತಳು, ಅಭ್ಯಾಸಬಲದಿಂದ ಸೆರಗು ಬಾಯಿಗೆ ಹೋಯಿತು. ಮಗಳು ಬಂದು ಅದನ್ನು ಕೈಯಿಂದ ಬಿಡಿಸಿದಳು. ಹೊಸ್ತಿಲು ದಾಟಿ ಕೂತ ಅಜ್ಜಿಯ ತೊಡೆಯನ್ನು, ಎರಡು ವರ್ಷದ ಆ ಪುಟ್ಟ ಹೆಣ್ಣು ಮೊದಲು ಅನುಮಾನದಿಂದ ಮುಟ್ಟಿ ನೋಡಿ, ಆಮೇಲೆ ತನ್ನದೇ ಆಸ್ತಿ ಎಂಬಂತೆ ಏರಿ ಕೂತಿತು. ಹೊಸ ಲಂಗ ಸರಿಯಾಗಿ ಒಪ್ಪಿತು. ಕಾಶವ್ವ ಮಾತಾಡಲಿಲ್ಲ. ಅವಳು ಮಾತಾಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಕಲು ಮಾಡಲಾಗದ್ದೂ ಅದೊಂದೇ.

ಆ ಸುಖದ ಗಳಿಗೆಯಲ್ಲಿ ನನ್ನ ಹದಿಮೂರನೆಯ ಬಿಲ್ಲೆ ಮೇಲೆ ಬಂತು. ಅಂದು ತಗಡಿನಾಚೆ ಮಾತಾಡಿದ್ದು ಡಾಕ್ಟರರಲ್ಲ, ನಾನು ಎಂದೆ. ನನ್ನಿಂದಲೇ ಈ ತೊಡೆ ಇಷ್ಟು ದಿನ ಖಾಲಿ ಉಳಿಯಿತು ಎಂದೆ. ಅವಳು ಬಯ್ಯಲಿ ಎಂದು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯೊಳಗೂ, ಸುಳ್ಳೇಕೆ, ಎಂಥ ನಕಲು ಮಾಡಿದ್ದೆ ಎಂಬ ಹೆಮ್ಮೆ ಒಂದು ಚಿಟಿಕೆ ಉಳಿದಿತ್ತು.

"ನೀನಽ ಅಂತ ಅವತ್ತಽ ಗೊತ್ತಿತ್ತು ಬಿಡೋ," ಎಂದಳು ಕಾಶವ್ವ, ಮೊಮ್ಮಗಳ ಜಡೆ ಬಿಗಿಯುತ್ತ. "ನನಗೂ ಅದಽ ಬೇಕಾಗಿತ್ತು. ನಿನ್ನ ಮಾತು ಕಿವಿಗೆ ಬಿತ್ತು, ಕಡಿಮಿ ಮಾಡಿದೆ."

ಅಪರಾಧದ ಭಾರ ಇಳಿದ ಸಮಾಧಾನಕ್ಕಿಂತ ಹೆಮ್ಮೆ ಇಳಿದ ನೋವೇ ನನಗೆ ಹೆಚ್ಚಾಯಿತು. "ಹೆಂಗ ಗೊತ್ತಾತು? ಎಲ್ಲಿ ತಪ್ಪಿದೆ? ಧ್ವನಿ ಬರೋಬರ ಅದ ಅಂತ ಖುದ್ದ ಡಾಕ್ಟರಽ ಅಂದಾರ!" ಎಂದು ಹಟ ಹಿಡಿದೆ.

"ಧ್ವನಿ ಅವಂದಽ ಇತ್ತೋ, ಹುಚ್ಚಪ್ಯಾಲಿ," ಎಂದಳು. "ಆದರ ನಾವು ಕೇಳಿದ್ದಕ್ಕ ಹೂಂ ಅನ್ನೋ ಡಾಕ್ಟರನ್ನ ಈ ಜನ್ಮದಾಗ ಎಲ್ಲಿ ನೋಡಿದ್ಯೋ?"